ಹಸಿ ತೆನೆಯ ಹೇಳಿಕೆ

ರಾಯಚೂರು
12 ಜೂನ್ 2024

ಪ್ರೀತಿಯ ಜೋಯಾ,

ಅಕ್ಷರ ನೋಡಿಯೇ ಗುರುತು ಸಿಕ್ಕಿತೋ, ಕೊನೆಗೆ ಹೆಸರು ಹುಡುಕಬೇಕಾಯಿತೋ? ನಾನು ವೇದಶ್ರೀ. ಮಾನ್ವಿಯ ವಿಬುಧೇಂದ್ರಾಚಾರ್ಯರ ಮಗಳು. ಡಿಗ್ರಿ ಮೊದಲ ವರ್ಷ ನಿನ್ನ ಬೆಂಚಿನಲ್ಲಿ ಕೂತು, ಸಂಜೆಯೆಲ್ಲ ನಿಮ್ಮ ಮಾಳಿಗೆಯ ಮೇಲೆ ಕಳೆದವಳು.

ನಿನ್ನ ವಿಳಾಸ ಸಿಕ್ಕಿದ್ದೇ ಒಂದು ಕಥೆ. ಕಳೆದ ವಾರ ಮಾನ್ವಿಗೆ ಹೋದವಳು ಪೋತ್ನಾಳದವರೆಗೂ ಹೋಗಿ ನಿಮ್ಮ ಬಳಗದ ದಸ್ತಗೀರ್ ಸಾಬರ ಅಂಗಡಿ ಹುಡುಕಿದೆ. ನಿನ್ನ ಫೋನ್ ನಂಬರ್ ಕೇಳಿದರೆ, "ಹೆಣ್ಣುಮಕ್ಕಳ ನಂಬರ ನಾ ಯಾರಿಗೂ ಕೊಡಂಗಿಲ್ರವ್ವ. ವಿಳಾಸ ಕೊಡ್ತೀನಿ, ಕಾಗದ ಬರೀರಿ. ಮನಸಿದ್ರ ಬಿಚ್ಚತಾಳ, ಇಲ್ಲಂದ್ರ ಇಲ್ಲ" ಎಂದರು. ಅದಕ್ಕೇ ಈ ಕಾಗದ.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಮ್ಮ ನನ್ನ ಜೊತೆಗಿದ್ದಾಳೆ. ನನ್ನ ಗಂಡ ವಿದ್ಯಾಧೀಶ ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಮೊನ್ನೆ ಅಪ್ಪನ ವಿಷಯ ಮಾತಾಡುವಾಗ ನಿಮ್ಮ ಅಬ್ಬಾನ ನೆನಪಾಯಿತು. ಪಿಯುಸಿ ಮುಗಿದ ಮೇಲೆ ನಿನ್ನ ಓದು ಬಿಡಿಸುತ್ತೇನೆಂದು ಅವರು ಹಟ ಹಿಡಿದಾಗ, ಅಪ್ಪ ಅಕ್ಕಿ ಗಿರಣಿಗೇ ಹೋಗಿ, ತಕ್ಕಡಿ ಮುಂದೆ ನಿಂತು, "ಸತ್ತಾರ, ಹುಡುಗಿ ಓದ್ತಾಳ, ಓದಸು" ಎಂದಿದ್ದು ನೆನಪಿದೆಯೇ? ಊರಲ್ಲಿ ಯಾರ ಮಾತೂ ಕೇಳದ ಸತ್ತಾರ್ ಸಾಬ್, "ಆತ್ರಿ ಆಚಾರ್ರ" ಎಂದುಬಿಟ್ಟಿದ್ದರು.

ಹಾಗೇ ನಮ್ಮ ಎರಡುಹೊಳೆ ಸೀಮೆಯೂ ನೆನಪಾಯಿತು. ಕೃಷ್ಣೆಗೂ ತುಂಗಭದ್ರೆಗೂ ನಡುವೆ ನಾವಿಬ್ಬರೂ ಕಟ್ಟಿದ ರಾಜ್ಯ. ಅದರ ಕೋಟೆಗಳು, ಕುರುಡು ನೂಲಜ್ಜಿ, ಅವಳು ನೂಲು ತೆಗೆಯುತ್ತ ಹೇಳುವ ಭವಿಷ್ಯದ ಹೇಳಿಕೆಗಳು. ಮೊಹರಂನ ಅಲಾಯಿ ಹಬ್ಬದಲ್ಲಿ ದಸ್ತಗೀರ್ ಸಾಬ್ ದೇವರು ಹಿಡಿದು ಹೇಳುವ ಹಾಗೆ ನೀನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಾನು ಬಿಡಿಸುತ್ತಿದ್ದೆ. ಬಿಡಿಸಿದ ದಾರಿಯಲ್ಲೇ ಕಥೆ ಮುಂದೆ ಹೋಗುತ್ತಿತ್ತು. ಒಂದು ಮಾತ್ರ ಬಿಡಿಸದೆ ಉಳಿದಿದೆ:

ಕೊಯ್ಲಿನ ಕಾಲ ಬರೂದ್ರಾಗ ಕುಡಗೋಲ ಬಂದದ.
ಹಸಿ ತೆನಿ ತಕ್ಕಡ್ಯಾಗ ಕುಂತದ.
ಗಂಟಿ ಬಾರಸೋ ಕೈ ತಕ್ಕಡಿ ಮುಟ್ಟಿದರ ತೆನಿ ಹೊಲಕ್ಕ,
ಮುಟ್ಟಲಿಲ್ಲಂದ್ರ ಗಿರಣಿಗೆ.

ಅಷ್ಟರಲ್ಲಿ ನಿನ್ನ ಮದುವೆ ಬಂತು. ಇದರ ಅರ್ಥ ಏನಿತ್ತು ಜೋಯಾ? ಸುಮ್ಮನೆ ಕೇಳುತ್ತಿದ್ದೇನೆ, ಬೇರೆ ಏನಿಲ್ಲ.

ನಿನ್ನ
ವೇದಾ


ದೇವದುರ್ಗ
24 ಜೂನ್ 2024

ಲೇ ವೇದಾ,

ಪೋಸ್ಟಿನವನು ನಿನ್ನ ಕಾಗದ ಕೊಡುವಾಗ ಮುಖ ಸಣ್ಣಗೆ ಮಾಡಿಕೊಂಡು, "ಯಾರರ ತೀರಿಕೊಂಡಾರೇನ್ರಿ ಅಕ್ಕಾರ? ಕೈಲೆ ಬರದ ಕಾಗದ ಬಂದದ" ಎಂದ. ನಾನು ವಿಳಾಸದ ಅಕ್ಷರ ನೋಡಿ, "ಇಲ್ಲಪ್ಪ, ಯಾರೋ ಹುಟ್ಟಿ ಬಂದಾರ" ಎಂದೆ. ನಿನ್ನ 'ಯ' ಈಗಲೂ ಹಸಿದ ಎಮ್ಮೆಯ ಹಾಗೆ ಬಗ್ಗಿಕೊಂಡೇ ಇದೆ.

ಮಷೀನು ಬಿಟ್ಟೆದ್ದು ಒಳಗೆ ಹೋಗಿ ಓದಿದೆ. ಹೊರಗೆ ಬಂದು ಮತ್ತೆ ಒಳಗೆ ಹೋಗಿ ಓದಿದೆ. ಮತೀನ್ ಬಟ್ಟೆ ಅಂಗಡಿಯಿಂದ ಊಟಕ್ಕೆ ಬಂದವನು, "ಏನಬೇ, ಪರೀಕ್ಷಾ ಬರೀತೀಯೇನು?" ಎಂದು ಕೇಳಿದ. ಅವನು ನನ್ನ ಗಂಡ. ಮಾತು ಕಡಿಮೆ, ಚಹಾ ಜಾಸ್ತಿ. ಅವನ ಅಂಗಡಿಯ ಮಗ್ಗುಲಲ್ಲೇ ನನ್ನ ಹೊಲಿಗೆ ಅಂಗಡಿ. ದೇವದುರ್ಗದ ಅರ್ಧ ಹೆಂಗಸರ ಜಂಪರಿನ ಅಳತೆ ನನಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಆಚಾರ್ಯರ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ಅಬ್ಬಾನೂ ಇಲ್ಲ ಈಗ. ತಕ್ಕಡಿಯ ಈಚೆಯವರೂ ಹೋದರು, ಆಚೆಯವರೂ ಹೋದರು.

ಇನ್ನು ನಿನ್ನ ಪ್ರಶ್ನೆ. ಇಷ್ಟು ವರ್ಷಗಳ ಮೇಲೆ ಅದನ್ನು ಅಕ್ಷರ ಬಿಡದೆ ಬರೆದಿದ್ದೀಯಲ್ಲ, ಅಷ್ಟೇ ಸಾಕು ನನಗೆ. ಆದರೆ ನಮ್ಮ ದಾದಿಮಾ ಇಮಾಮ್ ಬೀ ಕಲಿಸಿದ ನಿಯಮ ಮರೆತೆಯೇನು? ಹೇಳಿದವರು ಬಿಡಿಸಬಾರದು. ಆ ನಿಯಮಕ್ಕೆ ಇನ್ನರ್ಧವೂ ಇತ್ತು. ನೆನಪಿದ್ದರೆ ಬರೆ.

ನೀನೇ ಬಿಡಿಸು. ಹೌದಾದರೆ ಹೂಂ ಎನ್ನುತ್ತೇನೆ, ಅಲ್ಲದಿದ್ದರೆ ಉಹೂಂ.

ಜೋಯಾ


ರಾಯಚೂರು
30 ಜೂನ್ 2024

ಪ್ರೀತಿಯ ಜೋಯಾ,

ಕಾಗದ ನೋಡಿ ಬಹಳ ಖುಷಿಯಾಯಿತು. ವಿವರವಾಗಿ ಆಮೇಲೆ ಬರೆಯುತ್ತೇನೆ.

ಹೀಗಿರಬಹುದೇ? ಹಸಿ ತೆನೆ ಎಂದರೆ ಪಟ್ಟಕ್ಕೆ ಬರುವ ವಯಸ್ಸಾಗದ ಚಿಕ್ಕ ರಾಜಕುಮಾರ. ಕುಡುಗೋಲು ಉತ್ತರದ ಸೈನ್ಯ. ತಕ್ಕಡಿ ಎಂದರೆ ನ್ಯಾಯದ ಕೋಟೆ. ಗಂಟೆ ಬಾರಿಸುವ ಕೈ ದ್ರೋಹಿ ಪೂಜಾರಿಯದ್ದು. ಅವನು ಕೈ ಹಾಕಿದರೆ ಕುಮಾರ ಬದುಕುತ್ತಾನೆ, ಆದರೆ ರಾಜ್ಯ ಹೋಗುತ್ತದೆ. ಇನ್ನೊಂದು ವಾದವೂ ಇದೆ. ಗಂಟೆ ಎಂದರೆ ಆನೆಯ ಕೊರಳ ಗಂಟೆ, ಕೈ ಎಂದರೆ ಸೊಂಡಿಲು. ಮೂರನೆಯವರು ಗಿರಣಿಯೇ ಮೋಕ್ಷ ಎನ್ನುತ್ತಾರೆ. ಯಾವುದು ಸರಿ?

ಆದಷ್ಟು ಬೇಗ ಬರೆ. ಆಗಸ್ಟ್ ಒಳಗೆ ತಿಳಿದರೆ ಅನುಕೂಲ.

ವೇದಾ


ದೇವದುರ್ಗ
7 ಜುಲೈ 2024

ಲೇ ವೇದಾ,

ಉಹೂಂ. ಉಹೂಂ. ಮೋಕ್ಷಕ್ಕಂತೂ ದೊಡ್ಡ ಉಹೂಂ. ಭತ್ತ ಗಿರಣಿಗೆ ಹೋದರೆ ಆಗುವುದು ತೌಡು. ಗಿರಣಿಯಲ್ಲಿ ದುಡಿದವನ ಮಗಳಿಗೆ ಮೋಕ್ಷದ ದಾರಿ ಅಲ್ಲಿದೆ ಎನ್ನುವವರು ಯಾರು? "ಎನ್ನುತ್ತಾರೆ" ಎಂದು ಬರೆದಿದ್ದೀಯಲ್ಲ, ಯಾರವರು? ನಿಮ್ಮ ಮನೆಯಲ್ಲಿ ಅಷ್ಟೊಂದು ಮಂದಿ ಕೂತು ನನ್ನ ಹೇಳಿಕೆ ಬಿಡಿಸುತ್ತಿದ್ದಾರೇನು?

ದೂರ ನೋಡುತ್ತಿದ್ದೀಯ, ವೇದಾ. ಕೋಟೆ, ಸೈನ್ಯ, ಆನೆ ಎಲ್ಲ ಬಿಡು. ನಾನು ಹೇಳಿದ ಸಂಜೆ ಮಾಳಿಗೆಯ ಮೇಲೆ ಏನೇನಿತ್ತು, ಕೆಳಗೆ ಅಂಗಳದಲ್ಲಿ ಯಾರು ಕೂತಿದ್ದರು, ಅದನ್ನು ನೆನಪಿಸಿಕೋ.

ಒಂದು ಮಾತು ಹೇಳುತ್ತೇನೆ, ಇದು ಬಿಡಿಸಿದಂತಲ್ಲ. ಪೋತ್ನಾಳದಲ್ಲಿ ದಸ್ತಗೀರ್ ಸಾಬ್ ದೇವರು ಹಿಡಿದು ಹೇಳಿಕೆ ಹೇಳಿದರೆ, ಬಿಡಿಸುವ ಹಕ್ಕು ಗೌಡರ ಮನೆಯದು. ಆಗಲೂ ಈಗಲೂ ಚನ್ನವೀರ ಗೌಡರೇ. ನಾನು ಸಣ್ಣವಳಿದ್ದಾಗ ಒಂದು ಹೇಳಿಕೆಯಾಯಿತು, "ತಾಯಿ ಹೊಟ್ಟಿ ಸೋರಾಕತ್ತದ" ಅಂತ. ಗೌಡರು, "ಕೆರಿ ಕಟ್ಟಿ ಬಿರಕ ಬಿಟ್ಟದ" ಎಂದರು. ಎಂದವರು ಮನೆಗೆ ಹೋಗಲಿಲ್ಲ. ಇಸ್ತ್ರಿ ಅಂಗಿಯಲ್ಲೇ ಕೆರೆಗೆ ಹೋಗಿ ಮೊದಲ ಬುಟ್ಟಿ ಮಣ್ಣು ತಾವೇ ಹಾಕಿದರು. ಆಮೇಲೆ ಊರು ಹಾಕಿತು. ದಾದಿಮಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅದನ್ನು ತೋರಿಸಿದ್ದಳು.

ಈ ಹದಿನೇಳಕ್ಕೆ ಮೊಹರಂ. ಪೋತ್ನಾಳಕ್ಕೆ ಬಾ. ಅಲ್ಲಿ ಬಂದರೆ, ನೀನು ಬಿಡಿಸದಿದ್ದರೂ ನಾನೇ ಹೇಳಿಬಿಡುತ್ತೇನೆ. ದೇವರಿಗೆ ಸಕ್ಕರೆ ಓದಿಸಿ ಬೇವಿನ ಗಿಡದ ಕೆಳಗೆ ಕೂರೋಣ. ನಿನಗೆ ಒಂದು ಜಂಪರ್ ಹೊಲಿದಿದ್ದೇನೆ, ಹಳೆಯ ಅಳತೆಯ ಮೇಲೆ ಎರಡು ಬೆರಳು ಬಿಟ್ಟು. ಬರದಿದ್ದರೆ ಅದು ಯಾರಿಗೂ ಆಗುವುದಿಲ್ಲ.

ಜೋಯಾ


ರಾಯಚೂರು
2 ಆಗಸ್ಟ್ 2024

ಪ್ರೀತಿಯ ಜೋಯಾ,

ಮೊಹರಂಗೆ ಬರಲಾಗಲಿಲ್ಲ. ಅಮ್ಮನ ಮೊಣಕಾಲು ನೋವು ಹೆಚ್ಚಾಗಿ, ಆ ವಾರವೆಲ್ಲ ಮನೆ ಬಿಟ್ಟು ಕದಲಲಿಲ್ಲ. ನೀನು ಕಾದಿರಬಹುದು. ಬೇಜಾರು ಮಾಡಿಕೊಳ್ಳಬೇಡ.

ಆ ಸಂಜೆ ನೆನಪಿಸಿಕೊಂಡೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಿದ್ದರು. ಕೆಳಗೆ ಯಾರೋ ಬೀಗರು ಬಂದಿದ್ದರು. ಇದರಿಂದ ನನಗೇನೂ ಹೊಳೆಯುತ್ತಿಲ್ಲ. ಜೋಯಾ, ನಾವು ಸಣ್ಣವರಲ್ಲ. ಹೂಂ ಉಹೂಂ ಆಟಕ್ಕೆ ನನಗೆ ನಿಜವಾಗಿಯೂ ಸಮಯವಿಲ್ಲ. ಎರಡು ಸಾಲು ಬರೆದರೆ ಸಾಕು.

ವೇದಶ್ರೀ


ದೇವದುರ್ಗ
11 ಆಗಸ್ಟ್ 2024

ವೇದಶ್ರೀ,

ನಮ್ಮಲ್ಲಿ ಹತ್ತಿ ವ್ಯಾಪಾರದ ವಿರೂಪಣ್ಣನವರ ಮಗಳು ವಿಜಯಲಕ್ಷ್ಮಿ ಅಂತ ಇದ್ದಾಳೆ. ಡಿಗ್ರಿ ಓದುತ್ತಾಳೆ. ಜಂಪರ್ ಕೊಡಲು ಬಂದರೆ ಮಾತಿಗೆ ಕೂರುವವಳು. ಎರಡು ವಾರದ ಹಿಂದೆ ಬಂದವಳ ಚೀಲದಲ್ಲಿ ಒಂದು ದಪ್ಪ ಪುಸ್ತಕವಿತ್ತು. "ಅಕ್ಕಾರ, ಇದನ್ನ ಓದ್ರಿ. ನಾವೆಲ್ಲ ಫೋನಿನಾಗ ಗುಂಪು ಮಾಡಿಕೊಂಡು ಇದರಾಗಿನ ಹೇಳಿಕಿ ಬಿಡಸಾಕತ್ತೀವಿ. ರಾತ್ರಿ ಜಗಳಾಡಿ ಜಗಳಾಡಿ ಇಬ್ಬರು ಗುಂಪು ಬಿಟ್ಟು ಹೋದ್ರು" ಎಂದಳು. ಮೇಲೆ 'ಎರಡುಹೊಳೆ ಸೀಮೆ, ಸಂಪುಟ ಒಂದು' ಎಂದಿತ್ತು. ಕೆಳಗೆ ನಿನ್ನ ಹೆಸರು.

ಅವಳಿಂದಲೇ ನಾಲ್ಕೂ ಸಂಪುಟ ತರಿಸಿಕೊಂಡು ಓದಿದೆ. ಚೆನ್ನಾಗಿ ಬರೆದಿದ್ದೀಯ, ಅದನ್ನು ಇಲ್ಲ ಎನ್ನುವುದಿಲ್ಲ. ಕೋಟೆ ಮುರಿಯುವ ಭಾಗ ಓದುವಾಗ ಮತೀನನ ರೊಟ್ಟಿ ಹೊತ್ತಿಸಿದೆ. ನೂಲಜ್ಜಿ ನಮ್ಮ ದಾದಿಮಾನ ಹಾಗೇ ಬಾಯಲ್ಲಿ ಅಡಿಕೆ ಸರಿಸಿ ಮಾತಾಡುತ್ತಾಳೆ. ಅವಳು ಹೇಳುವ ಹೇಳಿಕೆ ಒಂದೊಂದೂ ನನ್ನದು. ನಾನು ಮಾಳಿಗೆಯ ಮೇಲೆ ಹೇಳಿದ್ದು.

ಮುನ್ನುಡಿಯಲ್ಲಿ ಬರೆದಿದ್ದೀಯ: "ಈ ಹೇಳಿಕೆಗಳು ನಮ್ಮ ಸೀಮೆಯ ಜನಪದದಲ್ಲಿ ಹರಿದು ಬಂದವು. ಹೇಳಿದವರು ಯಾರೆಂದು ಯಾರಿಗೂ ತಿಳಿಯದು." ಯಾರಿಗೂ, ವೇದಶ್ರೀ?

ಇನ್ನೊಂದು. ವಿಜಯಲಕ್ಷ್ಮಿ ಜಂಪರಿನ ಅಸ್ತರಿನ ಬಟ್ಟೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದಿದ್ದಳು. ಬಿಚ್ಚಿದರೆ ನಿನ್ನ ಫೋಟೋ. ಬೆಂಗಳೂರಿನಲ್ಲಿ ಓದುಗರ ಜೊತೆ ಸಂವಾದ, ಕೊನೆಯ ಸಂಪುಟದ ಗುಟ್ಟು ಕೇಳಿದ ಅಭಿಮಾನಿಗಳು, ನಗುತ್ತ ಉತ್ತರ ಕೊಡದ ಲೇಖಕಿ. ಮೊಹರಂ ದಿನದ್ದು. ನಾನು ಅವತ್ತು ಬೇವಿನ ಗಿಡದ ಕೆಳಗೆ ನಿನ್ನ ಜಂಪರ್ ಹಿಡಿದುಕೊಂಡು ಕೂತಿದ್ದೆ. ಜಾನಕಿಬಾಯಿ ಅಮ್ಮನವರ ಮೊಣಕಾಲು ಈಗ ಹೇಗಿದೆ?

ದುಡ್ಡು ಕೇಳುತ್ತಿಲ್ಲ, ಹೆದರಬೇಡ. ಇಮಾಮ್ ಬೀ ಮೊಮ್ಮಗಳು ಜೋಯಾ ಇವನ್ನು ಹೇಳಿದಳು ಎಂದು ಒಂದು ಸಾಲು ಬರೆ. ಅಷ್ಟೇ ಬೇಕು.

ಜೋಯಾ


ರಾಯಚೂರು
20 ಆಗಸ್ಟ್ 2024

ಪ್ರೀತಿಯ ಜೋಯಾ,

ನಿನ್ನ ಕಾಗದ ಓದಿ ನೋವಾಯಿತು. ಕಳ್ಳಿಯನ್ನು ಹಿಡಿದ ಹಾಗೆ ಬರೆದಿದ್ದೀಯ. ನಾವಿಬ್ಬರೂ ಆಡಿದ ಆಟ ಅದು. ನೀನು ಹೇಳಿ ಮರೆತೆ, ನಾನು ಬರೆದಿಟ್ಟುಕೊಂಡೆ. ಎಂಟು ವರ್ಷ ಕೂತು ಪುಸ್ತಕ ಮಾಡಿದವಳು ನಾನು. ನಾಲ್ಕು ಸಾಲಿನ ಒಗಟಿಗೂ ನಾಲ್ಕು ಸಂಪುಟಕ್ಕೂ ವ್ಯತ್ಯಾಸವಿದೆ ಎಂದು ನಿನಗೆ ತಿಳಿಯದ್ದೇನಲ್ಲ. ಮುನ್ನುಡಿಯ ಮಾತು ಪ್ರಕಾಶಕರದು, ಜನಪದ ಎಂದರೆ ತೂಕ ಬರುತ್ತದೆ ಎಂದರು. ಮುಂದಿನ ಮುದ್ರಣದಲ್ಲಿ ನಿನ್ನ ಹೆಸರು ಖಂಡಿತ ಹಾಕಿಸುತ್ತೇನೆ.

ಈಗ ನಿಜ ಹೇಳುತ್ತೇನೆ. ಮೊದಲ ಸಂಪುಟದ ಮೊದಲ ಪುಟದಲ್ಲೇ ತೆನೆಯ ಹೇಳಿಕೆ ಇಟ್ಟೆ. ಕೊನೆಗೆ ಬಿಡಿಸುತ್ತೇನೆಂದು ಓದುಗರಿಗೆ ಮಾತು ಕೊಟ್ಟೆ. ಬರೆಯುತ್ತ ಬರೆಯುತ್ತ ಅರ್ಥ ತಾನೇ ಹೊಳೆಯುತ್ತದೆ ಎಂದುಕೊಂಡಿದ್ದೆ. ಹೊಳೆಯಲಿಲ್ಲ. ನಾನು ಕಟ್ಟಿದ ಯಾವ ಅರ್ಥವೂ ಆ ಸಾಲುಗಳಿಗೆ ಕೂಡುತ್ತಿಲ್ಲ, ಬೇರೆಯವರ ಜಂಪರ್ ತೊಟ್ಟ ಹಾಗಿದೆ. ಅದು ಬರದೆ ಕೊನೆಯ ಸಂಪುಟವಿಲ್ಲ.

ನೀನು ನನ್ನಿಂದ ಮುಚ್ಚಿಡುವುದು ಇದು ಮೊದಲ ಸಲವೂ ಅಲ್ಲ. ನಿನ್ನ ಮದುವೆಯ ಸುದ್ದಿಯನ್ನೇ ಹೇಳಲಿಲ್ಲ ನೀನು. ನಿಮ್ಮ ಅಬ್ಬಾ ಸಕ್ಕರೆ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದ ಸಂಜೆ ನನಗೆ ಗೊತ್ತಾದದ್ದು. ಅವರನ್ನು ಹೊರಗೆ ಕೂರಿಸಿ ಅಪ್ಪ ಒಳಗೆ ಬಂದು, "ಆ ಹುಡುಗಿಗೆ ಮನಸದನೋ ಇಲ್ಲೋ? ನಿನಗ ಏನರ ಹೇಳ್ಯಾಳೇನು?" ಎಂದು ಕೇಳಿದರು. "ಏನೂ ಹೇಳಿಲ್ಲಪ್ಪ, ಖುಷೀಲೆ ಇದ್ದಾಳ" ಎಂದೆ. ನಾನು ಇನ್ನೇನು ಹೇಳಲಿ? ನೀನು ಹೇಳಿದ್ದರಲ್ಲವೇ?

ಆದದ್ದು ಆಯಿತು. ದಯವಿಟ್ಟು ಅರ್ಥ ಬರೆ. ದಸರೆಯೊಳಗೆ ಹಸ್ತಪ್ರತಿ ಕೊಡಬೇಕು.

ವೇದಾ


ದೇವದುರ್ಗ
6 ಅಕ್ಟೋಬರ್ 2024

ವೇದಶ್ರೀ,

ತಡವಾಯಿತು. ನಿನ್ನ ಕಾಗದದಲ್ಲಿ ಆಚಾರ್ಯರು ನಿನ್ನನ್ನು ಕೇಳಿದರು ಎಂಬ ಸಾಲಿಗೆ ಬಂದು ನಿಂತವಳು ಮುಂದೆ ಹೋಗಲಾರದೆ ಇಷ್ಟು ದಿನ ಅಲ್ಲೇ ಇದ್ದೆ.

ಹೇಳಿದವರು ಬಿಡಿಸಬಾರದು. ಇವತ್ತು ನಿಯಮ ಮುರಿಯುತ್ತಿದ್ದೇನೆ. ದಾದಿಮಾ ಕ್ಷಮಿಸಲಿ.

ಆ ಸಂಜೆ ಅಂಗಳದಲ್ಲಿ ಕೂತಿದ್ದ ಬೀಗರು ದೇವದುರ್ಗದವರು. ನನ್ನನ್ನು ನೋಡಲು ಬಂದಿದ್ದರು. ಅದು ಕುಡುಗೋಲು. ಹಸಿ ತೆನೆ ನಾನು. ಡಿಗ್ರಿ ಮುಗಿಸಬೇಕು, ಕನ್ನಡ ಎಂ.ಎ. ಮಾಡಬೇಕು, ಕಾಲೇಜಿನಲ್ಲಿ ಪಾಠ ಹೇಳಬೇಕು ಎಂದಿದ್ದವಳು. ತಕ್ಕಡಿ ನಮ್ಮ ಅಬ್ಬಾ. ಗಿರಣಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದವರು, ಅವತ್ತು ಮನೆಯಲ್ಲೂ ಅದೇ ಹಿಡಿದು ಕೂತಿದ್ದರು. ಗಂಟೆ ಬಾರಿಸುವ ಕೈ, ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ನಿಮ್ಮ ಅಪ್ಪನದು. ಅವರು ಒಮ್ಮೆ ತಕ್ಕಡಿ ಮುಟ್ಟಿದ್ದಕ್ಕೇ ನಾನು ಕಾಲೇಜು ಕಂಡಿದ್ದೆ. ಇನ್ನೊಮ್ಮೆ ಮುಟ್ಟಿದ್ದರೆ ಇನ್ನೆರಡು ವರ್ಷ ಸಿಗುತ್ತಿತ್ತು. ಇಷ್ಟೇ. ಇದರಲ್ಲಿ ಸೈನ್ಯವೂ ಇಲ್ಲ, ಆನೆಯೂ ಇಲ್ಲ.

ನೇರವಾಗಿ ಯಾಕೆ ಹೇಳಲಿಲ್ಲ ಎನ್ನುತ್ತೀಯ. ತಾರೀಖು ಗೊತ್ತಾಗುವ ತನಕ ಹೊರಗೆ ಬಾಯಿ ಬಿಡಬಾರದೆಂದು ಅಬ್ಬಾ ದಾದಿಮಾನ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದರು. ದಾದಿಮಾ ಆಗ ಹಾಸಿಗೆ ಹಿಡಿದಿದ್ದಳು. ಆ ತಲೆಯ ಮೇಲಿನ ಆಣೆ ಮುರಿಯಲು ನನಗೆ ಧೈರ್ಯವಾಗಲಿಲ್ಲ. ಆದರೆ ಹೇಳಿಕೆ ಹೇಳಿದರೆ ಹೇಳಿದಂತಲ್ಲ. ಕೇಳುವವಳು ನೀನು, ಎಲ್ಲವನ್ನೂ ಬಿಡಿಸಿದವಳು ನೀನು. ಇದನ್ನೂ ಬಿಡಿಸುತ್ತಾಳೆ, ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಹೇಳುತ್ತಾಳೆ ಎಂದುಕೊಂಡೆ.

ಹೇಳಿ ಕಣ್ಣು ತೆರೆದೆ. ನೀನು ನನ್ನ ಮುಖ ನೋಡುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದೆ. ಬರೆದು ಮುಗಿಸಿ ಹೇಳಿದ್ದು ನೆನಪಿದೆಯೇ? "ಭಾರಿ ಅದಬೇ ಇದು. ಇದನ್ನ ಈಗ ಬಿಡಸೂದು ಬ್ಯಾಡ, ಕಡೀಗೆ ಇಟ್ಕೊಳ್ಳೋಣ." ನಾನು ನಕ್ಕೆ. ಬೇರೆ ಏನು ಮಾಡಬೇಕಿತ್ತು? ಮರುದಿನ ಸಂಜೆಯೂ ಮೆಣಸಿನಕಾಯಿ ಆರಿಸುವ ನೆವದಲ್ಲಿ ಮಾಳಿಗೆಯಿಂದ ನಿಮ್ಮ ಬೀದಿ ನೋಡುತ್ತ ನಿಂತೆ, ಅದರ ಮರುದಿನವೂ. ಆಮೇಲೆ ಮಾಳಿಗೆಗೆ ಹೋಗಬೇಡ ಎಂದರು.

ಆಚಾರ್ಯರು ಕೇಳಲಿಲ್ಲ, ಅವರಿಗೆ ಹೊಳೆಯಲಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವರು ಕೇಳಿದ್ದರು. ಕೈ ತಕ್ಕಡಿಯ ತನಕ ಬಂದಿತ್ತು. ನೀನು ಹಿಂದಕ್ಕೆ ಎಳೆದೆ, ಗೊತ್ತಿಲ್ಲದೆ. ಗೊತ್ತಿಲ್ಲದೆ ಎಂಬುದನ್ನು ನಾನು ಒಪ್ಪುತ್ತೇನೆ.

ಮತೀನ್ ಕೆಟ್ಟವನಲ್ಲ. ಅವನನ್ನು ನಿನ್ನ ಉತ್ತರದ ಸೈನ್ಯ ಮಾಡಬೇಡ.

ನಿಯಮದ ಇನ್ನರ್ಧ ನೀನು ಬರೆಯಲೇ ಇಲ್ಲ. ನಾನೇ ಬರೆಯುತ್ತೇನೆ. ಹೇಳಿದವರು ಬಿಡಿಸಬಾರದು, ಬಿಡಿಸಿದವರು ಹಾಗೇ ಮನೆಗೆ ಹೋಗಬಾರದು. ಗೌಡರು ಮಣ್ಣು ಹೊತ್ತದ್ದು ಅದಕ್ಕೆ.

ಈಗ ನಿನಗೆ ಅರ್ಥ ಗೊತ್ತಾಯಿತು. ಒಂದೇ ಮಾತು. ಇದನ್ನು ಪುಸ್ತಕದಲ್ಲಿ ಹಾಕಬೇಡ. ಚಿಕ್ಕ ರಾಜಕುಮಾರ, ದ್ರೋಹಿ ಪೂಜಾರಿ, ಬೇಕಾದ್ದು ಬರೆ, ಮಂದಿ ಒಪ್ಪುತ್ತಾರೆ. ಇದು ನನ್ನದು. ಇದೊಂದನ್ನು ನನಗೆ ಬಿಡು.

ಜೋಯಾ


ರಾಯಚೂರು
18 ಏಪ್ರಿಲ್ 2025

ಪ್ರೀತಿಯ ಜೋಯಾ,

ಇಷ್ಟು ದಿನ ಬರೆಯದಿದ್ದಕ್ಕೆ ಕಾರಣ ಈ ಕಾಗದದ ಜೊತೆಗಿದೆ. ಕೊನೆಯ ಸಂಪುಟ. ಪ್ರೆಸ್ಸಿನಿಂದ ಬಂದ ಮೊದಲ ಪ್ರತಿಗೆ ಸಹಿ ಮಾಡಿ ನಿನಗೇ ಕಳಿಸುತ್ತಿದ್ದೇನೆ.

ನೀನು ಬೇಡ ಎಂದಿದ್ದೆ. ನಾನು ಬಹಳ ಪ್ರಯತ್ನಪಟ್ಟೆ. ಆದರೆ ನಿನ್ನ ಕಾಗದ ಓದಿದ ಮೇಲೆ ಬೇರೆ ಯಾವ ಅಂತ್ಯವೂ ಕೈಗೆ ಹತ್ತಲಿಲ್ಲ. ಹೆಸರು, ಊರು, ಎಲ್ಲ ಬದಲಿಸಿದ್ದೇನೆ, ಯಾರಿಗೂ ಗುರುತು ಸಿಗುವುದಿಲ್ಲ. ಕೋಟೆಯ ಕಣಜದಲ್ಲಿ ತಕ್ಕಡಿ ಹಿಡಿಯುವವನ ಮಗಳು, ಅವಳ ಗೆಳತಿ, ಗೆಳತಿಯ ತಂದೆಯಾದ ಮುದಿ ಪೂಜಾರಿ. ನನ್ನ ಕಥೆಯಲ್ಲಿ ಗೆಳತಿ ಅದೇ ರಾತ್ರಿ ಹೇಳಿಕೆ ಬಿಡಿಸುತ್ತಾಳೆ. ಪೂಜಾರಿ ಮಳೆಯಲ್ಲಿ ನೆನೆಯುತ್ತ ಕಣಜಕ್ಕೆ ಬಂದು ತಕ್ಕಡಿ ಮುಟ್ಟುತ್ತಾನೆ. ತೆನೆ ಹೊಲಕ್ಕೆ ಹೋಗುತ್ತದೆ. ನಿಜದಲ್ಲಿ ಆಗದ್ದನ್ನು ಕಥೆಯಲ್ಲಾದರೂ ನಿನಗೆ ಕೊಡಬೇಕು ಅನ್ನಿಸಿತು. ಆ ಪುಟ ಬರೆಯುವಾಗ ಅತ್ತುಬಿಟ್ಟೆ. ಹಸ್ತಪ್ರತಿ ಓದಿದ ಮನೆಯವರೂ ಅಪ್ಪನನ್ನು ನೆನೆದು ಅತ್ತರು.

ಅರ್ಪಣೆಯಲ್ಲಿ 'ಗೆಳತಿ ಜೋ-ಗೆ' ಎಂದಿದೆ. ಪೂರ್ತಿ ಹೆಸರು ಹಾಕಿದರೆ ನಿನಗೇ ತೊಂದರೆಯಾದೀತೆಂದು ಬಿಟ್ಟೆ. ಮುನ್ನುಡಿ ಬದಲಿಸಲು ಪ್ರಕಾಶಕರು ಒಪ್ಪಲಿಲ್ಲ. ನೋಡೋಣ, ಮುಂದೆ.

ಓದಿ ಬರೆ. ಕೋಪವಿದ್ದರೂ ಬರೆ.

ನಿನ್ನ
ವೇದಾ


ದೇವದುರ್ಗ
14 ಜುಲೈ 2025

ವೇದಶ್ರೀ ಅವರಿಗೆ,

ನಿಮ್ಮ ಪುಸ್ತಕ ತಲುಪಿತು. ಅದು ಬರುವ ಹೊತ್ತಿಗೆ ಇಲ್ಲಿನ ಕಾಲೇಜು ಹುಡುಗಿಯರ ಕೈಯಲ್ಲೆಲ್ಲ ಅದೇ ಇತ್ತು. ನನ್ನ ಅಂಗಡಿಯಲ್ಲಿ ಕೂತು ಕಣ್ಣೊರೆಸಿಕೊಂಡು, "ಎಂಥಾ ಪೂಜಾರಿ ಅದಾನ್ರಿ ಅಕ್ಕಾರ, ಇಂಥವರು ಇರ್ತಾರ?" ಎಂದು ಕೇಳಿದರು. "ಇದ್ರವ್ವ" ಎಂದೆ. ನಿಮ್ಮ ಅಪ್ಪನ ಬಗ್ಗೆ ಅದು ಸುಳ್ಳಲ್ಲ. "ಆ ಗೆಳತಿ?" ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಉತ್ತರ ಬರೆಯುವ ಮನಸ್ಸಿರಲಿಲ್ಲ. ಹೋದ ತಿಂಗಳು ಒಂದು ನಡೆಯಿತು, ಅದನ್ನು ನಿಮಗೆ ತಿಳಿಸಬೇಕು.

ವಿಜಯಲಕ್ಷ್ಮಿಯ ವಿಷಯ ಹಿಂದೆ ಬರೆದಿದ್ದೆ. ಅವಳು ತಾಯಿ ಅಂಬಮ್ಮನವರ ಜೊತೆ ಜಂಪರ್ ಕೊಡಲು ಬಂದಳು, ತನ್ನ ಮದುವೆಯ ನಿಶ್ಚಯಕ್ಕೆ. ಅಂಬಮ್ಮ ಫೋನ್ ಬಂತೆಂದು ಹೊರಗೆ ಹೋದರು. ನಾನು ತೋಳಿನ ಅಳತೆ ಹಿಡಿಯುತ್ತಿದ್ದೆ. ಹುಡುಗಿ ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾರ, ಹಸಿ ತೆನಿ ತಕ್ಕಡ್ಯಾಗ ಕುಂತದ" ಎಂದಳು. ಎಂದು ನಕ್ಕಳು. ಆ ನಗು ನನಗೆ ಗೊತ್ತು, ವೇದಶ್ರೀ. ಅದನ್ನು ನಾನು ನಕ್ಕಿದ್ದೇನೆ.

ಟೇಪು ಕೈಯಲ್ಲಿ ಹಿಡಿದೇ ನಿಂತೆ. ಅವಳು ಹೇಳಿದ್ದು ನನ್ನ ಸಾಲು. ಆದರೆ ಹೇಳಿದವಳು ಅವಳು. ಹಾಗಾಗಿ ಬಿಡಿಸುವ ಸರದಿ ನನ್ನದಾಯಿತು. ನನಗೆ ಬಿಡಿಸಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಹತ್ತಿ ಮಂಡಿಗೆ ಹೋದೆ. ವಿರೂಪಣ್ಣನವರು ಗಾದಿಯ ಮೇಲೆ ಕೂತಿದ್ದರು. ಹಮಾಲರೆಲ್ಲ ನಿಂತು ನೋಡುತ್ತಿದ್ದರು.

"ಯಾಕವ್ವ, ಜಂಪರ ಕೂಲಿ ಕೇಳಾಕ ಬಂದೇನು?" ಎಂದರು.

"ಅಲ್ರಿ ಸಾವುಕಾರ್ರ. ಹುಡುಗಿ ಡಿಗ್ರಿ ಮುಗೀಲಿ ಅಂತ ಹೇಳಾಕ ಬಂದೀನಿ. ಒಂದ ವರ್ಷದ ಮಾತು. ಛಲೋ ಓದ್ತಾಳ."

"ಆಕಿ ಹೇಳಿ ಕಳಿಸ್ಯಾಳೇನು?"

"ಆಕಿ ಏನೂ ಹೇಳಿಲ್ರಿ. ನಾನೇ ಹೇಳಾಕತ್ತೀನಿ."

ಅವರು ಬೈಯಲಿಲ್ಲ. ನಕ್ಕರು. "ನೋಡವ್ವ, ನಿನ್ನ ಕಡೀಗೆ ಜಂಪರ ಹೊಲಿಯಾಕ ಕೊಟ್ಟೀವಿ, ಮಗಳನ್ನ ಕೊಟ್ಟಿಲ್ಲ" ಎಂದರು. ಹಮಾಲರೂ ನಕ್ಕರು. ನಾನು ಹೋಗಲಿಲ್ಲ. ಬೀಗರು ಒಂದು ವರ್ಷ ಕಾಯುವುದಿಲ್ಲ ಎಂದರೆ ಮುಂದೆಯೂ ಕಾಯುವುದಿಲ್ಲ ಎಂದೆ. ನಾನು ಓದು ಬಿಟ್ಟ ಕಥೆ ಹೇಳಿದೆ, ಅಷ್ಟು ಮಂದಿಯ ಮುಂದೆ. ನಗು ನಿಂತಿತು. ವಿರೂಪಣ್ಣನವರು ಮುಖ ಆ ಕಡೆ ತಿರುಗಿಸಿ, "ಹೋಗಿ ಬಾರವ್ವ" ಎಂದರು.

ಸಂಜೆ ಅಂಬಮ್ಮ ಬಂದು ಬಟ್ಟೆಯನ್ನೂ ಅಳತೆಯ ಹಳೆಯ ಜಂಪರನ್ನೂ ತೆಗೆದುಕೊಂಡು ಹೋದರು. ಅವರ ಬಳಗದ ಮನೆಗಳಿಂದಲೂ ಈಗ ಯಾರೂ ಬರುವುದಿಲ್ಲ. ಮತೀನನ ಅಂಗಡಿಗೂ ಹೊಡೆತ ಬಿದ್ದಿದೆ. ಮೂರನೆಯ ದಿನ ಅವನು ಚಹಾ ಕುಡಿಯುತ್ತ, ನನ್ನ ಕಡೆ ನೋಡದೆ, "ಅವತ್ತು ನನಗ ಯಾರರ ಬಂದು ಹಿಂಗ ಹೇಳಿದ್ರ ನಾ ಕಾಯ್ತಿದ್ದೆ" ಎಂದ. ಇಷ್ಟು ವರ್ಷದಲ್ಲಿ ನಾನೂ ಅವನಿಗೆ ಹೇಳಿರಲಿಲ್ಲ ನೋಡಿ.

ನಿಶ್ಚಯ ಆಯಿತು. ಅಂಗಡಿಯ ಮುಂದೆಯೇ ಕಾರುಗಳು ಹೋದವು. ನಿಮ್ಮ ಪುಸ್ತಕದಲ್ಲಿ ಕೈ ತಕ್ಕಡಿ ಮುಟ್ಟಿದ ಕೂಡಲೆ ತೆನೆ ಹೊಲಕ್ಕೆ ಹೋಗುತ್ತದೆ. ಇಲ್ಲಿ ಹೋಗಲಿಲ್ಲ. ನಾನು ಹೇಳಿಕೆ ಹೇಳಿದಾಗ ಸಣ್ಣವಳು, ಮುಟ್ಟಿದರೆ ಸಾಕು ಅಂದುಕೊಂಡಿದ್ದೆ. ಗೌಡರು ಹಾಕಿದ ಒಂದು ಬುಟ್ಟಿಯಿಂದ ಕೆರೆ ನಿಲ್ಲಲಿಲ್ಲ, ಹಿಂದೆ ಊರು ಬಂತು. ನನ್ನ ಹಿಂದೆ ಯಾರೂ ಬರಲಿಲ್ಲ. ಫೋನಿನ ಗುಂಪಿನಲ್ಲಿ ಹೇಳಿಕೆ ಬಿಡಿಸಿದವರಲ್ಲಿ ಒಬ್ಬರೂ ಬರಲಿಲ್ಲ. ನೀವು ಆ ರಾತ್ರಿ ಬಂದಿದ್ದರೂ ನನ್ನದೂ ಹೀಗೇ ಆಗುತ್ತಿತ್ತೋ ಏನೋ. ಆದರೆ ಮಾಳಿಗೆಯಿಂದ ನೋಡುತ್ತಿದ್ದವಳಿಗೆ ಬೀದಿಯಲ್ಲಿ ಒಬ್ಬರು ಕಾಣುತ್ತಿದ್ದರು.

ಮುನ್ನುಡಿ ಬದಲಿಸುವುದು ಬೇಡ. ಹಾಗೇ ಇರಲಿ. 'ಜೋ' ಎಂಬುದನ್ನು ಮಾತ್ರ ತೆಗೆಸಿಬಿಡಿ.

ವಿಜಯಲಕ್ಷ್ಮಿಯ ಮನೆಯವರು ಬಟ್ಟೆ ಒಯ್ದರು, ಅವಳು ಓದಲು ಕೊಟ್ಟ ಪುಸ್ತಕಗಳನ್ನು ಒಯ್ಯಲಿಲ್ಲ. ಹಾಗಾಗಿ ನಿಮ್ಮ ಕೊನೆಯ ಸಂಪುಟದ ಪ್ರತಿಗಳು ನನ್ನಲ್ಲಿ ಎರಡಾದವು. ಅವಳದನ್ನು ಇಟ್ಟುಕೊಳ್ಳುತ್ತೇನೆ, ಎಂದಾದರೂ ಕೇಳಿಕೊಂಡು ಬಂದಾಳು. ನಿಮ್ಮ ಸಹಿ ಇರುವುದನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ.

ಜೋಯಾ